ಪಟ ತೆಗೆದ ಮಾತ್ರಕ್ಕೆ ಪುಸ್ತಕ ಉಳಿಯಿತೇ?

ಉದ್ರಿ ಪುಸ್ತಕ ಇಲ್ಲದ ದಿನಸಿ ಅಂಗಡಿ ದಕ್ಷಿಣ ಕನ್ನಡದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಮಳೆಗಾಲ ಬಂತೆಂದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ, ಶಾಯಿ ಹರಡುತ್ತದೆ. ಜಾಣ ವರ್ತಕರೊಬ್ಬರು ಇದಕ್ಕೊಂದು ಉಪಾಯ ಮಾಡಿದರು ಅಂತ ಇಟ್ಟುಕೊಳ್ಳಿ. ಪುಸ್ತಕದ ಅಷ್ಟೂ ಪುಟಗಳ ಪಟವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರು. ಇನ್ನು ಒರಲೆ ತಿಂದರೂ ಚಿಂತೆಯಿಲ್ಲ ಎಂದು ನಿದ್ದೆ ಹೋದರು.

ತಿಂಗಳ ಕೊನೆಗೆ ಫಜೀತಿ ಶುರು. ಮೂಲೆಮನೆಯವರ ಬಾಕಿ ಒಟ್ಟು ಎಷ್ಟು? ಮೊಬೈಲನ್ನು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಪಟಕ್ಕೆ ಗೊತ್ತಿರುವುದು ಬಿಳಿ ಎಲ್ಲಿ, ಕಪ್ಪು ಎಲ್ಲಿ ಎಂಬುದು ಮಾತ್ರ. ಅಕ್ಕಿ ಯಾವುದು, ಸೀಮೆಎಣ್ಣೆ ಯಾವುದು, ಹೆಸರು ಯಾವುದು, ದುಡ್ಡು ಯಾವುದು ಅಂತ ಅದಕ್ಕೆ ತಿಳಿಯದು. ಕಡೆಗೆ ಕನ್ನಡಕ ಹಾಕಿ ಒಂದೊಂದೇ ಪಟವನ್ನು ದೊಡ್ಡದು ಮಾಡಿ ನೋಡಬೇಕು. ಮಗನನ್ನು ಕೂರಿಸಿ ಟೈಪ್ ಮಾಡಿಸಿದರೋ, ಅವನು ಅಂಕಣ ಹಾಕದೆ ಹೆಸರು, ತಾರೀಕು, ಸಾಮಾನು, ಹಣ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆದು ಕೊಟ್ಟ. ಅಕ್ಷರ ಎಲ್ಲ ಉಂಟು, ಲೆಕ್ಕ ಮಾತ್ರ ಇಲ್ಲ!

ನಮ್ಮ ಹಳೆಯ ಕನ್ನಡ ಪುಸ್ತಕಗಳ ಪಾಡೂ ಇವತ್ತು ಇದೇ ಆಗಿದೆ. ಸಾವಿರಗಟ್ಟಲೆ ಪುಸ್ತಕಗಳ ಪಟ ತೆಗೆದಾಗಿದೆ. ಅದನ್ನೇ ಸ್ಕ್ಯಾನ್ ಅನ್ನುತ್ತಾರೆ. ‘ಡಿಜಿಟಲ್ ಆಯ್ತು, ಉಳೀತು’ ಅಂತ ಭಾಷಣವೂ ಆಗಿದೆ. ಆದರೆ ಪಟದಿಂದ ಅಕ್ಷರಕ್ಕೆ, ಅಕ್ಷರದಿಂದ ಪುಸ್ತಕಕ್ಕೆ ಬರುವ ದಾರಿ ಉದ್ದ ಉಂಟು. ಆ ದಾರಿಯಲ್ಲಿ ನಡೆಯುವವರೇ ಕಮ್ಮಿ.

ಬಲ್ಮಠದಿಂದ ಜರ್ಮನಿಗೆ

ಮಂಗಳೂರಿಗೂ ಅಚ್ಚಿನ ಶಾಯಿಗೂ ಹಳೆಯ ನಂಟು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಅದರ ನೆನಪಿಗೇ. ಫರ್ಡಿನಾಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು, 1,700ಕ್ಕೂ ಮಿಕ್ಕಿದ ಪುಟಗಳ ಗಜಗಾತ್ರದ ಪುಸ್ತಕ, 1894ರಲ್ಲಿ ಅಚ್ಚಾಗಿ ಬಂದದ್ದೂ ಇದೇ ಊರಿನಿಂದ.

ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ, ಜರ್ಮನಿಯ ಟ್ಯೂಬಿಂಗನ್ನಿನಲ್ಲಿ. ಮಿಶನ್ನಿನ ಕಾಲದ ಪುಸ್ತಕಗಳೂ ಬಹಳಷ್ಟು ಹಡಗು ಹತ್ತಿ ಅತ್ತ ಕಡೆಗೇ ಹೋದವು. ಅದೇ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ 2018ರಲ್ಲಿ ತನ್ನ ಗ್ರಂಥಾಲಯದಲ್ಲಿದ್ದ ಹಳೆಯ ಮಲಯಾಳಂ, ಕನ್ನಡ, ತುಳು ಪುಸ್ತಕಗಳ ಪಟ ತೆಗೆದು, ಹೆರ್ಮನ್ ಗುಂಡರ್ಟರ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಿಟ್ಟಿತು. ಬಲ್ಮಠದಲ್ಲಿ ಅಚ್ಚಾದ ಹಾಳೆ ಜರ್ಮನಿಗೆ ಹೋಗಿ, ಅಲ್ಲಿ ತಣ್ಣಗೆ ಕೂತು, ಸುಸೂತ್ರವಾಗಿ ಮೊಬೈಲಿನ ಮೂಲಕ ಹಂಪನಕಟ್ಟೆಗೆ ವಾಪಸು ಬಂದಂತಾಯಿತು.

ನಮ್ಮ ದೇಶದಲ್ಲೂ ಕೆಲಸ ನಡೆಯದೆ ಇಲ್ಲ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಯೋಜನೆ ನಡೆಸಿತು. ಲಕ್ಷಗಟ್ಟಲೆ ಪುಸ್ತಕಗಳ ಸ್ಕ್ಯಾನ್ ಆಯಿತು. ಆದರೆ ಕನ್ನಡ ಪುಸ್ತಕಗಳ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ, ಅದೂ ಕೈಗೆ ಬಂದ ಕಾಗುಣಿತದಲ್ಲಿ ನಮೂದಿಸಿದ್ದರಿಂದ ಬೇಕಾದ್ದು ಹುಡುಕಿದರೆ ಸಿಗುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಚೀಟಿ ತಪ್ಪಿದ ಪುಸ್ತಕ ಕಳೆದುಹೋದ ಹಾಗೇ ಸರಿ. ಮುಂದೆ ಹಕ್ಕುಸ್ವಾಮ್ಯದ ತಕರಾರು ಬಂದು ಆ ತಾಣವೇ ಮುಚ್ಚಿತು. ಅಷ್ಟರಲ್ಲಿ ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯ ಬಳಿ ಪ್ರತಿ ಹೋಗಿತ್ತು, ಪುಣ್ಯಕ್ಕೆ ಬದುಕಿತು.

ಇಷ್ಟೆಲ್ಲ ಆಗಿಯೂ ಇವುಗಳಲ್ಲಿ ಬಹುಪಾಲು ಪಟ, ಬರೀ ಪಟ. ಪುಸ್ತಕದಲ್ಲಿ ನಿಮ್ಮ ಊರಿನ ಹೆಸರು ಬಂದಿದೆಯೋ ಎಂದು ಹುಡುಕಲಾಗದು. ಸಣ್ಣ ಮೊಬೈಲಿನಲ್ಲಿ ಅಕ್ಷರ ಹಿಗ್ಗಿಸಿ ಓದಲಾಗದು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಯಂತ್ರವೂ ಪಟದ ಮುಂದೆ ಮೂಕ. ಪುಸ್ತಕ ಇದ್ದೂ ಇಲ್ಲದಂತೆ.

ಯಂತ್ರದ ಕಣ್ಣಿಗೆ ಪೊರೆ

ಪಟದೊಳಗಿನ ಅಕ್ಷರವನ್ನು ಗುರುತಿಸಿ ಬರಹ ಮಾಡಿಕೊಡುವ ಯಂತ್ರ ಇಲ್ಲವೇ? ಇದೆ. ಅದನ್ನು ಓಸಿಆರ್ ಎನ್ನುತ್ತಾರೆ. ಗೂಗಲ್‌ನದ್ದು ಉಂಟು, ಟೆಸರಾಕ್ಟ್ ಎಂಬ ಪುಕ್ಕಟೆಯದ್ದೂ ಉಂಟು. ಹೊಸ ಪುಸ್ತಕ, ಶುಭ್ರ ಅಚ್ಚು ಇದ್ದರೆ ಚೆನ್ನಾಗಿಯೇ ಓದುತ್ತವೆ. ಹಳೆಯ ಪುಸ್ತಕ ಕೊಟ್ಟು ನೋಡಿ, ಅಲ್ಲಿ ಬಂತು ಮಜಾ.

ಕನ್ನಡದ ದ–ಧ ನಡುವೆ ಇರುವುದು ಹೊಟ್ಟೆಯ ಒಂದು ಸಣ್ಣ ಸೀಳು. ನೂರು ವರ್ಷದ ಹಾಳೆಯಲ್ಲಿ ಆ ಸೀಳು ಮಾಸಿದರೆ ‘ಧನ’ ಹೋಗಿ ‘ದನ’ವಾಗುತ್ತದೆ, ‘ಮಧ್ಯ’ ಹೋಗಿ ‘ಮದ್ಯ’ವಾಗುತ್ತದೆ. ಪ, ವ, ಷ ಒಂದರ ಮನೆಯಲ್ಲಿ ಇನ್ನೊಂದು ಬಂದು ಕೂರುತ್ತವೆ. ಸೊನ್ನೆ ಅಂಕಿಯೂ ಅನುಸ್ವಾರವೂ ನೋಡಲು ಅವಳಿ ಮಕ್ಕಳು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ಅಂಗಡಿ’ಯ ಸೊನ್ನೆ ಅಂಕಿಯ ಸೊನ್ನೆಯಾದರೆ ಓದುಗನಿಗೆ ಗೊತ್ತಾಗದು, ಹುಡುಕಿದಾಗ ಮಾತ್ರ ಅಂಗಡಿ ಸಿಗದು. ಅರ್ಕಾವತ್ತನ್ನು ಒಂಬತ್ತು ಅಂತ ತಿಳಿದು ‘ಧರ್ಮ’ವನ್ನು ‘ಧಮ೯’ ಮಾಡಿಡುವುದು ಇನ್ನೊಂದು ಚಾಳಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಜಾರುತ್ತವೆ. ಹಳಗನ್ನಡದ ಱ, ೞ ಎದುರಾದರಂತೂ ಯಂತ್ರ ತಬ್ಬಿಬ್ಬು.

ಇದೆಲ್ಲ ಅಕ್ಷರದ ತಪ್ಪಾಯಿತು. ಒಬ್ಬರು ಕೂತು ಪಟ ನೋಡುತ್ತ ತಿದ್ದಿದರೆ ಸರಿಹೋದೀತು. ಆದರೆ ಅಕ್ಷರ ಸರಿಯಾದ ಮೇಲೂ ಪುಸ್ತಕ ಆಗುವುದಿಲ್ಲ. ಉದ್ರಿ ಪುಸ್ತಕದ ಅಂಕಣ ನೆನಪಿದೆಯಲ್ಲ?

ಕಂಪೋಸಿಟರ್ ಮತ್ತೆ ಬೇಕಾಗಿದ್ದಾನೆ

ಮೊಳೆ ಜೋಡಿಸುತ್ತಿದ್ದ ಕಾಲದ ಪ್ರೆಸ್ ನೋಡಿದವರಿಗೆ ಗೊತ್ತು. ಕಂಪೋಸಿಟರ್ ಅಕ್ಷರ ಮಾತ್ರ ಜೋಡಿಸುತ್ತಿರಲಿಲ್ಲ, ಖಾಲಿ ಜಾಗವನ್ನೂ ಜೋಡಿಸುತ್ತಿದ್ದ. ಅಧ್ಯಾಯದ ಹೆಸರಿಗೆ ದೊಡ್ಡ ಮೊಳೆ, ನಡುವಿಗೆ ತರಲು ಎರಡು ಬದಿಗೆ ಸೀಸದ ತುಂಡು, ಪ್ಯಾರಾ ಮೊದಲಿಗೆ ಚೂರು ಜಾಗ, ಪದ್ಯಕ್ಕೆ ಸಾಲು ಸಾಲು, ಅಡಿಟಿಪ್ಪಣಿಗೆ ಗೆರೆ ಎಳೆದು ಸಣ್ಣಕ್ಷರ. ಇದು ಅಲಂಕಾರ ಅಲ್ಲ, ಅರ್ಥ. ಯಾವುದು ಯಾರ ಮಾತು, ಯಾವುದು ಮೂಲ, ಯಾವುದು ಟಿಪ್ಪಣಿ ಎಂದು ಓದುಗನಿಗೆ ಬಾಯಿಬಿಡದೆ ಹೇಳುವ ಕ್ರಮ.

ಯಂತ್ರ ಕೊಡುವ ಬರಹದಲ್ಲಿ ಇದೆಲ್ಲ ನೆಲಸಮ. ಷಟ್ಪದಿಯ ಆರು ಸಾಲು ಸೇರಿ ಗದ್ಯವಾಗಿ ಹರಿಯುತ್ತದೆ. ಪುಟದ ಬುಡದಲ್ಲಿದ್ದ ಅಡಿಟಿಪ್ಪಣಿ, ಮುಂದಿನ ಪುಟದ ಮೊದಲ ಸಾಲಿಗೆ ಅಂಟಿಕೊಂಡು, ಸಂಪಾದಕರು ಹೇಳಿದ್ದನ್ನು ಕವಿಯೇ ಹೇಳಿದಂತಾಗುತ್ತದೆ. ಪ್ರತಿ ಪುಟದ ತಲೆಯ ಮೇಲೆ ಅಚ್ಚಾದ ಪುಸ್ತಕದ ಹೆಸರು, ಪುಟಸಂಖ್ಯೆ ಮಾತಿನ ಮಧ್ಯೆ ಬಂದು ನುಗ್ಗುತ್ತವೆ. ‘ಅವನು ಬಾಗಿಲು ತೆರೆದು’ ಎಂದು ಒಂದು ಪುಟ ಮುಗಿದರೆ, ಮುಂದೆ ಪುಸ್ತಕದ ಹೆಸರು, 47, ಆಮೇಲೆ ‘ಒಳಗೆ ಬಂದನು’. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದ ಹಾಗೆ!

ಆದ್ದರಿಂದ ಈಗ ಪುಟ ರೂಪಿಸುವವರ ಕೆಲಸವೆಂದರೆ ಹಳೆಯ ಕಂಪೋಸಿಟರನ ಕೆಲಸವೇ. ಮೊಳೆಯ ಬದಲು ಕಂಪ್ಯೂಟರಿಗೆ ತಿಳಿಯುವ ಗುರುತು. ಇದು ಶೀರ್ಷಿಕೆ ಎಂದು ಒಂದು ಗುರುತು, ಇದು ಪದ್ಯ, ಸಾಲು ಮುರಿಯಬೇಡ ಎಂದು ಇನ್ನೊಂದು. ಅಡಿಟಿಪ್ಪಣಿಯನ್ನು ಅದು ಸೇರಿದ ಪದಕ್ಕೆ ಕಟ್ಟಿಹಾಕಬೇಕು. ಸಾಲಿನ ಕೊನೆಗೆ ಅಡ್ಡಗೆರೆ ಹಾಕಿ ತುಂಡಾದ ಪದವನ್ನು ಕೂಡಿಸಬೇಕು. ಪುಟ ದಾಟಿದ ಪ್ಯಾರಾವನ್ನು ಒಂದು ಮಾಡಬೇಕು. ತಲೆಬರಹ, ಪುಟಸಂಖ್ಯೆಗಳನ್ನು ಬದಿಗಿಡಬೇಕು. ದಪ್ಪಕ್ಷರವನ್ನು ದಪ್ಪ ಎಂದು ಹೇಳಬೇಕು.

ಕಿಟ್ಟೆಲರ ನಿಘಂಟನ್ನೇ ತೆಗೆದುಕೊಳ್ಳಿ. ಮೊದಲು ಕನ್ನಡ ಪದ, ಆಮೇಲೆ ರೋಮನ್ ಅಕ್ಷರದಲ್ಲಿ ಅದರ ಉಚ್ಚಾರ, ನಂತರ ಅಂಕಿ ಹಾಕಿ ಒಂದೊಂದೇ ಅರ್ಥ, ಯಾವ ಗ್ರಂಥದಲ್ಲಿ ಬಂತೆಂಬ ಚುಟುಕು ಗುರುತು, ಜೊತೆಗೆ ತಮಿಳು, ತೆಲುಗು, ಮಲಯಾಳಂ, ತುಳುವಿನ ದಾಯಾದಿ ಪದಗಳು. ಭಾಷೆಗಳ ಹೆಸರನ್ನು ಒಂದೆರಡು ಅಕ್ಷರದಲ್ಲಿ ಮೊಟಕು ಮಾಡಿದ್ದಾರೆ. ಯಂತ್ರ ಅಲ್ಲಿ ಒಂದಕ್ಷರ ನುಂಗಿದರೆ ತುಳುವಿನ ಪದ ತಮಿಳಿನ ಖಾತೆಗೆ ಜಮೆ. ದಪ್ಪಕ್ಷರದ ಗುರುತು ಹೋದರೆ ಪದ ಎಲ್ಲಿ ಮುಗಿಯಿತು, ಅರ್ಥ ಎಲ್ಲಿ ಶುರುವಾಯಿತು ಎಂದೇ ತಿಳಿಯದು. ಒಬ್ಬ ಮನುಷ್ಯನ ದಶಕಗಳ ದುಡಿಮೆ ಚಿತ್ರಾನ್ನವಾಗಲು ಅಷ್ಟು ಸಾಕು.

ಇಲ್ಲೊಂದು ಕಟ್ಟುನಿಟ್ಟು ನಿಯಮವೂ ಉಂಟು. ಪುಸ್ತಕದವರು ಬರೆದದ್ದನ್ನು ತಿದ್ದಬಾರದು. 1890ರವರು ‘ಕರ್ಣಾಟಕ’ ಎಂದು ಬರೆದಿದ್ದರೆ ‘ಕರ್ನಾಟಕ’ ಮಾಡಲು ನಾವು ಯಾರು? ಯಂತ್ರದ ತಪ್ಪು ತಿದ್ದಬೇಕು, ಲೇಖಕನ ಕಾಗುಣಿತವನ್ನು ಮುಟ್ಟಬಾರದು. ಅಚ್ಚಿನ ಮನೆಯ ತಪ್ಪು ಎದ್ದು ಕಂಡರೂ, ಹೀಗಿತ್ತು ಎಂದು ಉಳಿಸಿ ಪಕ್ಕದಲ್ಲಿ ಗುರುತು ಹಾಕಬೇಕು. ಮೇಷ್ಟ್ರುಗಳಿಗೆ ಇದು ಸ್ವಲ್ಪ ಕಷ್ಟ. ಕೆಂಪು ಶಾಯಿ ಹಿಡಿದ ಕೈ ಸುಮ್ಮನಿರಬೇಕಲ್ಲ!

ಕೆಂಪು, ಹಳದಿ, ಹಸಿರು

ಇಂಥ ಕೆಲಸವನ್ನು ಜಗತ್ತಿನಲ್ಲಿ ಮಾಡಿ ತೋರಿಸಿದವರು ಇದ್ದಾರೆ. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಹಾರ್ಟ್ ಎಂಬ ಹುಡುಗ ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಕೈಯಾರೆ ಕಂಪ್ಯೂಟರಿಗೆ ಟೈಪ್ ಮಾಡಿದ. ಅಲ್ಲಿಂದ ಶುರುವಾದದ್ದೇ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಪುಕ್ಕಟೆ ಪುಸ್ತಕ ಭಂಡಾರ. ಒಬ್ಬೊಬ್ಬರೇ ಇಡೀ ಪುಸ್ತಕ ಟೈಪ್ ಮಾಡಿ ಸುಸ್ತಾಗುತ್ತಿದ್ದಾಗ, 2000ದಲ್ಲಿ ಚಾರ್ಲ್ಸ್ ಫ್ರಾಂಕ್ಸ್ ಎಂಬವರಿಗೆ ಒಂದು ಸರಳ ಯುಕ್ತಿ ಹೊಳೆಯಿತು. ಪುಸ್ತಕ ಹಂಚಬೇಡಿ, ಪುಟ ಹಂಚಿ!

ಹೀಗೆ ಹುಟ್ಟಿದ್ದು ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಎಂಬ ಬಳಗ. ಅಲ್ಲಿ ಒಂದು ಪುಟ ಐದು ಕೈ ದಾಟುತ್ತದೆ. ಮೂರು ಸುತ್ತು ಅಕ್ಷರ ತಿದ್ದುವವರದ್ದು, ಎರಡು ಸುತ್ತು ರೂಪ ಕೊಡುವವರದ್ದು. ಆಮೇಲೆ ಒಬ್ಬರು ಎಲ್ಲ ಪುಟ ಹೊಲಿದು ಪುಸ್ತಕ ಕಟ್ಟುತ್ತಾರೆ. ಅಕ್ಷರ ನೋಡುವವರಿಗೆ ರೂಪದ ಗೊಡವೆ ಇಲ್ಲ, ರೂಪ ಕೊಡುವವರಿಗೆ ಅಕ್ಷರದ ತಲೆನೋವು ಇಲ್ಲ. ಒಂದೇ ಸಲ ಎರಡನ್ನೂ ನೋಡಿದರೆ ಎರಡೂ ತಪ್ಪುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಅವರು ಕೇಳುವುದು ದಿನಕ್ಕೊಂದು ಪುಟ ಮಾತ್ರ. ಹನಿ ಹನಿ ಗೂಡಿದರೆ ಹಳ್ಳ ಎಂಬಂತೆ ಇದುವರೆಗೆ 40,000ಕ್ಕೂ ಹೆಚ್ಚು ಪುಸ್ತಕ ಆ ಬಳಗದಿಂದ ಹೊರಬಂದಿವೆ.

ಕನ್ನಡದಲ್ಲಿ ಇದೇ ಕೆಲಸಕ್ಕೆ ಇರುವ ಜಗಲಿ ಕನ್ನಡ ವಿಕಿಸೋರ್ಸ್. ಒಂದು ಬದಿಯಲ್ಲಿ ಪುಟದ ಪಟ, ಇನ್ನೊಂದು ಬದಿಯಲ್ಲಿ ಬರಹ. ನೋಡಿ ತಿದ್ದುವುದು, ರೂಪದ ಗುರುತು ಹಾಕುವುದು, ಉಳಿಸುವುದು. ಯಾರೂ ನೋಡದ ಪುಟಕ್ಕೆ ಕೆಂಪು ಬಣ್ಣ, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ನೋಡಿ ಸೈ ಎಂದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ. ತಾನೇ ಬರೆದ ಲೆಕ್ಕವನ್ನು ತಾನೇ ಆಡಿಟ್ ಮಾಡಲು ಯಾವ ಸೊಸೈಟಿಯಾದರೂ ಬಿಟ್ಟೀತೇ? ಪಟವೇ ಕೆಟ್ಟಿದ್ದರೆ, ಅಂದರೆ ಹಾಳೆ ಮಡಚಿದ್ದು, ಹೆಬ್ಬೆರಳು ಅಡ್ಡ ಬಂದದ್ದು, ಹೊಲಿಗೆಯೊಳಗೆ ಅರ್ಧ ಸಾಲು ಸಿಕ್ಕಿಕೊಂಡದ್ದು ಇದ್ದರೆ, ಅದಕ್ಕೆ ಬೇರೆಯೇ ಬಣ್ಣ. ಮೂಲ ಪುಸ್ತಕ ಗುಜರಿಗೆ ಹೋಗುವ ಮೊದಲು ಮತ್ತೊಮ್ಮೆ ಪಟ ತೆಗೆಯಿರಿ ಎಂಬ ಎಚ್ಚರಿಕೆ ಅದು.

ಫ್ಲಾಪಿಯೊಳಗೆ ಸಿಕ್ಕಿಬಿದ್ದವು

ಹಳೆಯದ್ದು ಬಿಡಿ, ಮೊನ್ನೆ ಮೊನ್ನೆಯದ್ದರ ಗತಿ ಏನು? 1990ರ ದಶಕದಲ್ಲಿ ಊರೂರಿಗೆ ಡಿಟಿಪಿ ಅಂಗಡಿ ಬಂದವು. ಶಾಲೆಯ ಸ್ಮರಣಸಂಚಿಕೆ, ದೇವಸ್ಥಾನದ ಸ್ಥಳಪುರಾಣ, ಯಕ್ಷಗಾನ ಪ್ರಸಂಗ, ಹವ್ಯಾಸಿ ಕವಿಗಳ ಸಂಕಲನ, ಎಲ್ಲ ಕಂಪ್ಯೂಟರಿನಲ್ಲೇ ಟೈಪ್ ಆದವು. ಹಾಗಾದರೆ ಅವು ಸುರಕ್ಷಿತ ತಾನೇ? ಅಲ್ಲ ಮಾರಾಯ್ರೇ.

ಆಗ ಒಂದೊಂದು ಕಂಪನಿಯ ಅಕ್ಷರಕ್ಕೂ ಒಂದೊಂದು ಗುಟ್ಟಿನ ಸಂಕೇತ. ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಎಲ್ಲ ಭಾಷೆಗೂ ಒಂದೇ ಪಟ್ಟಿಯಾದ ಯುನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೂ ಜಾಗ ಇತ್ತು. ಪ್ರೆಸ್ಸುಗಳು ಮಾತ್ರ ಬಹಳ ವರ್ಷ ಅತ್ತ ತಿರುಗಿ ನೋಡಲಿಲ್ಲ. ಮೂವತ್ತು ವರ್ಷದ ಹಿಂದಿನ ಫ್ಲಾಪಿ ಸಿಕ್ಕಿದರೂ ಓದುವ ಯಂತ್ರ ಇಲ್ಲ, ಯಂತ್ರ ಸಿಕ್ಕಿದರೂ ಫಾಂಟ್ ಇಲ್ಲ. ಕಾಗದದ ಪ್ರತಿಯಿಂದಲೇ ಮತ್ತೆ ಪಟ ತೆಗೆಯಬೇಕಾದ ಅವಸ್ಥೆ.

ಹಾಗಂತ ಕೈಕಟ್ಟಿ ಕೂತವರೇ ಎಲ್ಲರೂ ಅಲ್ಲ. ವಚನಗಳ ಸಂಪುಟಗಳು ಹೀಗೆ ಹಳೆಯ ಸಂಕೇತದಲ್ಲಿ ಸಿಕ್ಕಿಬಿದ್ದದ್ದನ್ನು ಬೆಂಗಳೂರಿನ ಕೆಲವು ಆಸಕ್ತರು ಯುನಿಕೋಡಿಗೆ ತಂದು ‘ವಚನ ಸಂಚಯ’ ಕಟ್ಟಿದರು. ‘ಕಾಯಕ’ ಎಂಬ ಪದ ಯಾವ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ಸಿದ್ಧ. ಮೊದಲಾದರೆ ಸಂಶೋಧಕರು ಒಂದು ವರ್ಷ ಕೂತು ಚೀಟಿ ಬರೆದುಕೊಳ್ಳಬೇಕಿತ್ತು. ಪಟಕ್ಕೂ ಅಕ್ಷರಕ್ಕೂ ಇರುವ ಅಂತರ ಇದು.

ಯಾರದ್ದು ಮುಟ್ಟಬಹುದು?

ಇಲ್ಲಿ ಕಾನೂನೂ ಒಂದು ಉಂಟು. ಸಿಕ್ಕಿದ ಪುಸ್ತಕವನ್ನೆಲ್ಲ ಅಂತರ್ಜಾಲಕ್ಕೆ ಹಾಕುವಂತಿಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರದ್ದು. 1992ರವರೆಗೆ ಇದು 50 ವರ್ಷ ಇತ್ತು. ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ ಲೆಕ್ಕ. ಲೇಖಕರ ಮರಣಾನಂತರ ಮೊದಲ ಸಲ ಅಚ್ಚಾದದ್ದಿದ್ದರೆ ಅಚ್ಚಾದ ವರ್ಷದಿಂದ ಎಣಿಸಬೇಕು.

ನಂದಳಿಕೆಯ ಮುದ್ದಣ ತೀರಿಕೊಂಡದ್ದು 1901ರಲ್ಲಿ, ಪಂಜೆ ಮಂಗೇಶರಾಯರು 1937ರಲ್ಲಿ. ಇಬ್ಬರದ್ದೂ ಎಂದೋ ಊರ ಸೊತ್ತಾಗಿದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಕಾಲದಲ್ಲೇ ಅಚ್ಚಾದ ಬರಹಗಳು 2024ರ ಜನವರಿ 1ರಿಂದ ಎಲ್ಲರವು. ಶಿವರಾಮ ಕಾರಂತರು 1997ರಲ್ಲಿ ಹೋದರು, ಅವರದ್ದಕ್ಕೆ 2058ರವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಮೊದಲ ಮುದ್ರಣದ ಪ್ರತಿಗಳು ಎಷ್ಟು ಉಳಿದಾವು ಎಂಬುದು ಒರಲೆಗೇ ಗೊತ್ತು.

ಕಾಯಬೇಕಾಗಿಲ್ಲದ ದಾರಿಯೂ ಉಂಟು. ಕುಳ್ಕುಂದದ ಮಣ್ಣಿನವರಾದ ನಿರಂಜನರು 1992ರಲ್ಲಿ ತೀರಿಕೊಂಡರು. ಕಾನೂನಿನ ಪ್ರಕಾರ 2053ರ ತನಕ ಯಾರೂ ಮುಟ್ಟುವಂತಿರಲಿಲ್ಲ. ಅವರ ಕುಟುಂಬದವರು 2014ರಲ್ಲಿ ತಾವಾಗಿಯೇ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶವನ್ನು ಹಾಗೆಯೇ ತೆರೆದಿಟ್ಟಿತು. ಅಟ್ಟದ ಮೇಲೆ ತಂದೆಯ, ಅಜ್ಜನ ಪುಸ್ತಕ ಇಟ್ಟುಕೊಂಡ ಮನೆಗಳು ಈ ಜಿಲ್ಲೆಯಲ್ಲಿ ಕಮ್ಮಿಯೇ? ಒಂದು ಒಪ್ಪಿಗೆ ಪತ್ರ ಸಾಕು.

ಹೊಸ ಯಂತ್ರದ ಹೊಸ ಕಾಟ

‘ಇನ್ನೆಂತ ಮನುಷ್ಯರ ಕೆಲಸ? ಎಐ ಬಂದಿದೆಯಲ್ಲ, ಎಲ್ಲ ಅದೇ ಮಾಡುತ್ತದೆ’ ಅನ್ನುವವರು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಸಿಗುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಈಗಿನ ಯಂತ್ರಗಳು ಮೊದಲಿಗಿಂತ ಎಷ್ಟೋ ಚೆನ್ನಾಗಿ ಓದುತ್ತವೆ, ಪದ್ಯ ಯಾವುದು ಟಿಪ್ಪಣಿ ಯಾವುದು ಎಂದೂ ಹಲವು ಸಲ ಗುರುತು ಹಿಡಿಯುತ್ತವೆ.

ಆದರೆ ಒಂದು ಹೊಸ ಅಪಾಯ ಸೇರಿಕೊಂಡಿದೆ. ಹಳೆಯ ಯಂತ್ರ ತಿಳಿಯದಿದ್ದರೆ ‘ಧಮ೯’ ಎಂದು ಗೀಚುತ್ತಿತ್ತು, ತಪ್ಪು ಕಣ್ಣಿಗೆ ರಾಚುತ್ತಿತ್ತು. ಹೊಸ ಯಂತ್ರ ತಿಳಿಯದ ಕಡೆ ಅಂದಾಜು ಮಾಡಿ, ಸೊಗಸಾದ, ವ್ಯಾಕರಣಬದ್ಧ ವಾಕ್ಯವನ್ನೇ ಹೊಸೆದು ಇಡುವುದುಂಟು. ಹಳೆಯ ಕಾಗುಣಿತವನ್ನು ಸದ್ದಿಲ್ಲದೆ ಇವತ್ತಿನದ್ದಕ್ಕೆ ಬದಲಿಸುವುದುಂಟು. ಓದಲು ಚಂದ, ಆದರೆ ಆ ಲೇಖಕ ಬರೆದದ್ದು ಅದಲ್ಲ. ಒಡಕು ನಾಣ್ಯವನ್ನು ಯಾರೂ ಹಿಡಿಯುತ್ತಾರೆ. ಹೊಳೆಯುವ ಖೋಟಾ ನಾಣ್ಯ ಹಿಡಿಯಲು ಅನುಭವಿ ವರ್ತಕನೇ ಬೇಕು. ಪಟದ ಪಕ್ಕ ಬರಹ ಇಟ್ಟು ಪದ ಪದ ನೋಡುವ ಮನುಷ್ಯನ ಕಣ್ಣು ಮೊದಲಿಗಿಂತ ಈಗಲೇ ಹೆಚ್ಚು ಬೇಕಾಗಿರುವುದು ಅದಕ್ಕೇ.

ಲೆಕ್ಕ ಹಾಕಿ ನೋಡಿ

300 ಪುಟದ ಒಂದು ಪುಸ್ತಕ. ಅಕ್ಷರ ತಿದ್ದಿ ರೂಪ ಕೊಡಲು ಪುಟಕ್ಕೆ 20 ನಿಮಿಷ, ಇನ್ನೊಬ್ಬರು ನೋಡಿ ಒಪ್ಪಲು 10 ನಿಮಿಷ ಅಂತ ಹಿಡಿಯಿರಿ. ಒಟ್ಟು 150 ಗಂಟೆ. ಒಬ್ಬರೇ ಕೂತರೆ ತಿಂಗಳುಗಟ್ಟಲೆ, ಅರ್ಧಕ್ಕೇ ಬಿಟ್ಟು ಏಳುವುದೇ ಹೆಚ್ಚು. ಹದಿನೈದು ಮಂದಿ ದಿನಕ್ಕೆ ಅರ್ಧ ಗಂಟೆ ಕೊಟ್ಟರೆ? 20 ದಿನದಲ್ಲಿ ಪುಸ್ತಕ ಸಿದ್ಧ! ಒಂದು ಶಾಲೆಯ ಹಳೆ ವಿದ್ಯಾರ್ಥಿಗಳು, ಒಂದು ಗ್ರಂಥಾಲಯದ ಸಂಜೆಯ ಓದುಗರು, ಒಂದು ಬ್ಯಾಂಕಿನ ನಿವೃತ್ತರು ಸೇರಿದರೆ ಹದಿನೈದು ತಲೆ ದೊಡ್ಡದಲ್ಲ.

ಇದಕ್ಕೆ ಪದವಿ ಬೇಡ, ಕಂಪ್ಯೂಟರ್ ಪಾಂಡಿತ್ಯ ಬೇಡ. ಕನ್ನಡ ಓದಲು ಬರಬೇಕು, ದ–ಧ ವ್ಯತ್ಯಾಸ ಕಾಣುವ ಕಣ್ಣು ಬೇಕು, ತನ್ನ ಬುದ್ಧಿವಂತಿಕೆ ತೋರಿಸದೆ ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುವ ತಾಳ್ಮೆ ಬೇಕು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಆಕಳಿಸುವ ಅಂಗಡಿಯವರಿಗೆ ಈ ಮೂರೂ ಇರುತ್ತವೆ. ಉಳ್ಳಾಲದಿಂದ, ಸುರತ್ಕಲ್ಲಿನಿಂದ ದಿನಾ ಪೇಟೆಗೆ ಬಂದುಹೋಗುವವರು ಬಸ್ಸಿನಲ್ಲಿ ಮೊಬೈಲು ಉಜ್ಜುವುದು ಹೇಗೂ ಇದ್ದೇ ಇದೆ. ಅದರಲ್ಲಿ ಒಂದು ಪುಟ ಓದಿ ತಪ್ಪು ಎಲ್ಲಿದೆ ಎಂದು ಗುರುತು ಮಾಡಿಟ್ಟರೆ ಮನೆಗೆ ಹೋಗಿ ತಿದ್ದಲು ಹತ್ತು ನಿಮಿಷ.

ಕಾಯುವಷ್ಟು ಪುರುಸೊತ್ತು ಪುಸ್ತಕಗಳಿಗೆ ಇಲ್ಲ. ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಿ, ಹಪ್ಪಳದಂತೆ ಮುರಿಯುತ್ತದೆ. ಕರಾವಳಿಯ ತೇವಕ್ಕೆ ಬೂಷ್ಟು ಬೇರೆ. ಮನೆ ಒಡೆದು ಕಟ್ಟುವಾಗ ಅಟ್ಟ ಖಾಲಿಯಾಗುತ್ತದೆ, ಅಜ್ಜನ ಪುಸ್ತಕ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಕೊಡುವ ಮೊದಲು ಒಮ್ಮೆ ತೆರೆದು ನೋಡಿ, ಅಚ್ಚಾದ ವರ್ಷ ಓದಿ, ಗೊತ್ತಿದ್ದವರನ್ನು ಕೇಳಿದರೆ ಗಂಟೇನು ಹೋದೀತು?

ಇಂಥ ಲೇಖನಗಳನ್ನು ‘ಸಂಬಂಧಪಟ್ಟವರು ಗಮನಿಸುವರೇ?’ ಎಂದು ಮುಗಿಸುವುದು ವಾಡಿಕೆ. ಆದರೆ ಇಲ್ಲಿ ಸಂಬಂಧಪಟ್ಟ ಇಲಾಖೆ ಯಾವುದು? ಬಲ್ಮಠದಲ್ಲಿ ಮೊಳೆ ಜೋಡಿಸಿದವರ, ಕಣ್ಣು ಸವೆಸಿ ಕರಡು ತಿದ್ದಿದವರ ಹೆಸರು ಯಾವ ಪುಸ್ತಕದ ಮುಖಪುಟದಲ್ಲೂ ಇಲ್ಲ. ಅವರು ಕೊಟ್ಟದ್ದನ್ನು ಊರು ನೂರೈವತ್ತು ವರ್ಷದಿಂದ ಉದ್ರಿಯಲ್ಲೇ ಓದುತ್ತ ಬಂದಿದೆ. ಬಾಕಿ ತೀರಿಸಲು ದಿನಕ್ಕೊಂದು ಪುಟದ ಕಂತು ಸಾಕು. ಕನ್ನಡ ಓದಲು ಬರುವವರೆಲ್ಲ ಸಂಬಂಧಪಟ್ಟವರೇ.